ಫ್ಲಾರಿಡಾದ ಬಳ್ಳಿ ಜರಿಗಿಡ ತಿನ್ನುವ ಕಂದು ಪತಂಗ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಪತಂಗ? ಎಲ್ಲಿಯದು?

ನಿಯೋಮ್ಯುಸೋಟಿಮಾ ಕಾನ್‌ಸ್ಪರ್ಕೇಟಾಲಿಸ್ ಎಂಬುದು ಇದರ ಶಾಸ್ತ್ರೀಯ ಹೆಸರು. ರೆಕ್ಕೆ ಬಿಚ್ಚಿದರೂ ಒಂದು ಸೆಂಟಿಮೀಟರ್ ಆಸುಪಾಸಿನಷ್ಟೇ ಇರುವ, ಬಿಳಿ ಗುರುತುಗಳುಳ್ಳ ಕಂದು ಪತಂಗ. ಏಷ್ಯಾದ ಉಷ್ಣ ಪ್ರದೇಶಗಳು ಮತ್ತು ಉತ್ತರ ಆಸ್ಟ್ರೇಲಿಯಾ ಇದರ ತವರು. ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಅದು ತಾನಾಗಿ ಹೋಗಿದ್ದಲ್ಲ. ಬಳ್ಳಿ ಜರಿಗಿಡವನ್ನು ಹತೋಟಿಗೆ ತರಲೆಂದು ವಿಜ್ಞಾನಿಗಳೇ ಪರೀಕ್ಷಿಸಿ, ಅನುಮತಿ ಪಡೆದು, 2008ರಲ್ಲಿ ಅಲ್ಲಿ ಬಿಟ್ಟರು.

ಮೇಯುವುದು ಮರಿಹುಳು ಮಾತ್ರ. ಪತಂಗದಿಂದ ಗಿಡಕ್ಕೆ ಹಾನಿಯಿಲ್ಲ, ಅದು ಬದುಕುವುದೂ ಕೆಲವೇ ದಿನ.

ಹೊರಗಿನ ಒಂದು ಗಿಡದಿಂದಲೇ ತೊಂದರೆ ಆಗಿರುವಾಗ ಹೊರಗಿನ ಹುಳುವನ್ನೂ ತಂದು ಬಿಟ್ಟಿದ್ದೇಕೆ?

ಬೇರೆ ದಾರಿಗಳು ಒಂದೊಂದಾಗಿ ಸೋಲುತ್ತಿದ್ದವು. ಲೈಗೋಡಿಯಮ್ ಮೈಕ್ರೊಫಿಲ್ಲಮ್ ಎಂಬ ಈ ಬಳ್ಳಿ ಜರಿಗಿಡ ಫ್ಲಾರಿಡಾಕ್ಕೆ ಬಂದದ್ದು ಅಲಂಕಾರದ ಗಿಡವಾಗಿ. 1958ರಲ್ಲಿ ಅದು ನರ್ಸರಿಯಲ್ಲಿತ್ತು. 1960ರ ದಶಕದಲ್ಲಿ ರಾಜ್ಯದ ಪೂರ್ವ ಕರಾವಳಿಯ ಮಾರ್ಟಿನ್ ಕೌಂಟಿಯ ಕಾಡಿನಲ್ಲಿ ತಾನಾಗಿ ಬೆಳೆಯುತ್ತಿದ್ದುದು ಕಂಡಿತು. ಆಮೇಲಿನ ದಶಕಗಳಲ್ಲಿ ಎವರ್‌ಗ್ಲೇಡ್ಸ್ ಜೌಗಿನ ನಡುವಿನ ಮರದ ದಿಬ್ಬಗಳನ್ನೂ ಸೈಪ್ರೆಸ್ ತೋಪುಗಳನ್ನೂ ಹೊದ್ದುಕೊಂಡಿತು. ಆರ್ಥರ್ ಮಾರ್ಷಲ್ ಲಾಕ್ಸಹ್ಯಾಚೀ ವನ್ಯಜೀವಿಧಾಮದಲ್ಲಿ ಎಷ್ಟೋ ದಿಬ್ಬಗಳ ಮರಗಳು ಇದರ ಅಡಿಯಲ್ಲಿ ಕಾಣಿಸದಂತಾಗಿವೆ.

ನೋಡಲು ಬಳ್ಳಿ, ಆದರೆ ಕಾಂಡವೆಂದು ನಮಗೆ ಕಾಣುವುದು ಒಂದೇ ಎಲೆಯ ನಡುದಂಟು. ಅದು ತುದಿಯಲ್ಲಿ ಬೆಳೆಯುತ್ತಲೇ ಇದ್ದು 30 ಮೀಟರ್‌ವರೆಗೂ ಮರ ಹತ್ತಬಲ್ಲದು. ನಿಜವಾದ ಕಾಂಡ ನೆಲದೊಳಗಿದೆ. ಒಣಗಿದ ಹಳೆಯ ದಂಟುಗಳು ಕೊಳೆಯದೆ ಒಂದರ ಮೇಲೊಂದು ಬಿದ್ದು ಚಾಪೆಯಂತಾಗುತ್ತವೆ, ಕೆಲವೆಡೆ ಇದರ ದಪ್ಪ ಒಂದು ಮೀಟರ್. ಅಡಿಯಲ್ಲಿ ಬೇರೆ ಸಸಿ ಮೇಲೇಳುವುದಿಲ್ಲ. ಬೆಂಕಿ ಬಿದ್ದರೆ ಇನ್ನೂ ಕೆಟ್ಟದ್ದು: ನೆಲದಲ್ಲೇ ಹರಿದು ಆರಬೇಕಿದ್ದ ಕಿಚ್ಚು ಈ ಒಣ ದಂಟುಗಳನ್ನು ಹಿಡಿದು ಮರದ ತುದಿಗೇರುತ್ತದೆ. ಉರಿಯುವ ಚೂರುಗಳು ಗಾಳಿಗೆ ಹಾರಿ ದೂರದಲ್ಲಿ ಹೊಸ ಬೆಂಕಿ ಹೊತ್ತಿಸುತ್ತವೆ. ಮರ ಸಾಯುತ್ತದೆ, ಜರಿಗಿಡ ಮಾತ್ರ ನೆಲದೊಳಗಿನ ಕಾಂಡದಿಂದ ಮತ್ತೆ ಚಿಗುರುತ್ತದೆ.

ಇನ್ನು ಬೀಜಾಣುಗಳ ಮಾತು. ಫಲವತ್ತಾದ ಒಂದು ಕಿರುಎಲೆ 28,000ಕ್ಕೂ ಹೆಚ್ಚು ಬೀಜಾಣು ಉದುರಿಸಬಲ್ಲದು. ಗಾಳಿಯಲ್ಲಿ ತೇಲಿ ಹೋದ ಒಂದೇ ಒಂದು ಬೀಜಾಣು, ಜೊತೆ ಸಿಗದಿದ್ದರೂ, ತನ್ನೊಳಗೇ ಗರ್ಭಾಂಕುರ ಮಾಡಿಕೊಂಡು ಹೊಸ ಗಿಡವಾಗಬಲ್ಲದು. ದೋಣಿಯೂ ಹೋಗದ ಜೌಗಿನ ನಟ್ಟನಡುವೆ ಹೊಸ ಮೆಳೆ ಹುಟ್ಟುವುದು ಹೀಗೆ. ಅಂಥ ಜಾಗಗಳನ್ನು ಮನುಷ್ಯರು ಹುಡುಕಿ ಮುಗಿಸುವುದು ಸಾಧ್ಯವಿಲ್ಲ. ಆದ್ದರಿಂದಲೇ ತಾನೇ ಹಾರಿ ಹೋಗಿ ಗಿಡ ಹುಡುಕುವ ಜೀವಿ ಬೇಕಾಯಿತು.

ಇದಕ್ಕೂ ಮೊದಲು ಬೇರೆ ಪತಂಗ ಬಿಟ್ಟಿದ್ದರಂತಲ್ಲ?

ಹೌದು. ಆಸ್ಟ್ರೋಮ್ಯುಸೋಟಿಮಾ ಕ್ಯಾಂಪ್ಟೋಜೋನೇಲ್ ಎಂಬ ಬಿಳಿ ಪತಂಗವನ್ನು 2004ರಿಂದ 2007ರವರೆಗೆ ಮತ್ತೆ ಮತ್ತೆ ಬಿಟ್ಟರೂ ಅದು ನೆಲೆಯೂರಲಿಲ್ಲ. ಕಂದು ಪತಂಗದ ಹೊತ್ತಿಗೆ ಜೋನಾಥನ್ ಡಿಕಿನ್ಸನ್ ಸ್ಟೇಟ್ ಪಾರ್ಕಿನಲ್ಲಿ ಮರಿಹುಳುಗಳನ್ನು ಸಾವಿರಗಟ್ಟಲೆ ಬಿಟ್ಟರು. ಅದೇ ವರ್ಷದೊಳಗೆ ಸಂಖ್ಯೆ ಸ್ಫೋಟಿಸಿ, ಬಿಟ್ಟ ಜಾಗಗಳಲ್ಲಿ ಬಳ್ಳಿಗಳು ಬೋಳಾದವು. ಅದೇ 2008ರಲ್ಲಿ ಫ್ಲೊರಾಕರಸ್ ಪೆರ್‌ರೆಪೆ ಎಂಬ ನುಸಿಯನ್ನೂ (ಮೈಟ್) ಬಿಟ್ಟರು. ಅದು ನೆಲೆ ಕಂಡುಕೊಳ್ಳಲು ಬಹಳ ನಿಧಾನಿಸಿತು.

ಎರಡರ ಕೆಲಸವೂ ಬೇರೆ ಬೇರೆ. ಪತಂಗದ ಹುಳು ಬಲಿತ ಎಲೆಗಳನ್ನೂ ಮೇಯುತ್ತದೆ. ನುಸಿ ಹೊಸ ಚಿಗುರಿನ ಅಂಚನ್ನು ಸುರುಳಿ ಸುತ್ತಿಸಿ ಅದರೊಳಗೆ ಬದುಕುತ್ತದೆ. ಹುಳು ಮೇಯ್ದ ಮೇಲೆ ಬರುವ ಚಿಗುರಿಗೆ ನುಸಿ ಹತ್ತಿದರೆ ಗಿಡ ಚೇತರಿಸಿಕೊಳ್ಳುವುದು ಇನ್ನೂ ಕಷ್ಟವಾಗುತ್ತದೆ.

ನಾಳೆ ಇದು ಬೇರೆ ಜರಿಗಿಡ, ತರಕಾರಿ, ಹಣ್ಣಿನ ಗಿಡಗಳನ್ನು ತಿನ್ನುವುದಿಲ್ಲ ಎಂದು ಹೇಗೆ ನಂಬುವುದು?

ಬಿಡುವ ಮೊದಲೇ ಕ್ವಾರಂಟೈನ್ ಪ್ರಯೋಗಾಲಯದಲ್ಲಿ ಲೈಗೋಡಿಯಮ್ ಕುಲದ ಹಲವು ಜಾತಿ, ಅದರ ಹತ್ತಿರದ ಮತ್ತು ದೂರದ ಜರಿಗಿಡಗಳು, ಇನ್ನಿತರ ಸಸ್ಯಗಳ ಮೇಲೆ ಹುಳು ಬಿಟ್ಟು ನೋಡಲಾಯಿತು. ಅದು ಬೆಳೆದು ಪತಂಗವಾದದ್ದು ಲೈಗೋಡಿಯಮ್ ಕುಲದೊಳಗೆ ಮಾತ್ರ.

ಆ ಕುಲದಲ್ಲಿ ಅಮೆರಿಕದ ಸ್ವಂತ ಜಾತಿಯೂ ಒಂದಿದೆ, ಲೈಗೋಡಿಯಮ್ ಪಾಮೇಟಮ್. ಅದು ಬೆಳೆಯುವುದು ಅಪಲೇಚಿಯನ್ ಬೆಟ್ಟಗಳಂಥ ಚಳಿ ಸೀಮೆಯಲ್ಲಿ. ಹೆಪ್ಪುಗಟ್ಟುವ ಅಲ್ಲಿನ ಚಳಿಗಾಲವನ್ನು ಈ ಉಷ್ಣವಲಯದ ಪತಂಗ ದಾಟಲಾರದು ಎಂಬ ಲೆಕ್ಕದ ಮೇಲೆ ಅನುಮತಿ ಸಿಕ್ಕಿತು. ಈ ಲೆಕ್ಕ ಸರಿಯೆಂದೇ ನಮ್ಮ ಅಭಿಪ್ರಾಯ. ಆದರೂ ಚಳಿಗಾಲಗಳು ಮೆತ್ತಗಾಗುತ್ತಿರುವ ಕಾಲದಲ್ಲಿ ಪತಂಗದ ಉತ್ತರದ ಗಡಿಯ ಮೇಲೆ ಕಣ್ಣಿಡಲೇಬೇಕು.

ಉತ್ತರ ಫ್ಲಾರಿಡಾದ ಇನ್ನೊಂದು ಹೊರಗಿನ ಕಳೆ ಲೈಗೋಡಿಯಮ್ ಜಪಾನಿಕಮ್. ಕಂದು ಪತಂಗಕ್ಕೆ ಅದೂ ಆಹಾರವಾಗಬಲ್ಲದು, ಒಲವು ಮಾತ್ರ ಮೈಕ್ರೊಫಿಲ್ಲಮ್ ಕಡೆಗೇ.

ಬಿಡದ ಜಾಗಗಳಿಗೂ ಪತಂಗ ತಲುಪಿದೆಯಲ್ಲ, ಹೇಗೆ?

ಮುಖ್ಯವಾಗಿ ತನ್ನದೇ ರೆಕ್ಕೆಯಿಂದ, ಗಾಳಿಯ ನೆರವಿನಿಂದ. ಮೊಟ್ಟೆಯಿಂದ ಪತಂಗವಾಗಲು ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳು ಸಾಕು. ಹಾಗಾಗಿ ಒಂದೇ ವರ್ಷದಲ್ಲಿ ಹಲವು ತಲೆಮಾರು. ಒಂದು ಮೆಳೆ ಬೋಳಾದೊಡನೆ ಹೊಸ ಪತಂಗಗಳು ಮೊಟ್ಟೆಯಿಡಲು ಹಸಿರು ಹುಡುಕಿಕೊಂಡು ಹೊರಡುತ್ತವೆ. ಸಂಖ್ಯೆ ಏರುವುದು ಹೆಚ್ಚಾಗಿ ಬೇಸಿಗೆಯಿಂದ ಶರತ್ಕಾಲದವರೆಗೆ.

ಜೊತೆಗೆ ಮನುಷ್ಯರ ಕೈಯೂ ಇದೆ. ಎವರ್‌ಗ್ಲೇಡ್ಸ್ ಪುನಶ್ಚೇತನ ಯೋಜನೆಯಡಿ ಫ್ಲಾರಿಡಾದ ಡೇವಿಯಲ್ಲಿ 2013ರಲ್ಲಿ ಇಂಥ ಜೀವಿಗಳನ್ನು ಸಾಕುವ ದೊಡ್ಡ ಕೇಂದ್ರ ತೆರೆಯಿತು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಅಲ್ಲಿ ಬೆಳೆಸಿದ ಹುಳು ಮತ್ತು ನುಸಿಗಳನ್ನು ಹೊಸ ಜಾಗಗಳಲ್ಲಿ ಬಿಡುತ್ತ ಬಂದಿದ್ದಾರೆ. ದಕ್ಷಿಣ ಮತ್ತು ಮಧ್ಯ ಫ್ಲಾರಿಡಾದಲ್ಲಿ ಪತಂಗ ಈಗ ಚೆನ್ನಾಗಿ ನೆಲೆಯೂರಿದೆ.

ಚಳಿಗೆ ಸಾಯುತ್ತದೆಯೇ?

ಹಿಮ ಬಿದ್ದರೆ ಸಂಖ್ಯೆ ಕುಸಿಯುತ್ತದೆ. ಹುಳುವನ್ನು ಚಳಿ ನೇರವಾಗಿ ಕೊಲ್ಲುವುದು ಒಂದು ಕಾರಣ, ಹಸಿರೆಲೆಯೂ ಸುಟ್ಟುಹೋಗಿ ಉಳಿದವಕ್ಕೆ ಮೇವಿಲ್ಲದಂತಾಗುವುದು ಇನ್ನೊಂದು. ದಕ್ಷಿಣದಲ್ಲಿ ಮತ್ತೆ ಏರಿಕೊಳ್ಳುತ್ತದೆ. ಉತ್ತರಕ್ಕೆ ಹೋದಷ್ಟೂ ಚೇತರಿಕೆ ತಡ. ಅಲ್ಲಿನವರು ಜನವರಿ–ಫೆಬ್ರವರಿಯಲ್ಲಿ ಒಮ್ಮೆ ನೋಡಿ ‘ಹುಳು ಹೋಯಿತು’ ಎಂದು ಬರೆದುಕೊಳ್ಳಬಾರದು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೆ ನೋಡಿಯೇ ನಿರ್ಧರಿಸಬೇಕು.

ನಮ್ಮ ಹಿತ್ತಲ ಹಿಂದಿನ ಜರಿಗಿಡವೆಲ್ಲ ಕಂದಾಗಿದೆ. ಇದು ಹುಳುವಿನ ಕೆಲಸವೇ?

ದೂರದಿಂದ ಹೇಳಲಾಗದು. ಹತ್ತಿರ ಹೋಗಿ ಕಿರುಎಲೆಯನ್ನು ಮಗುಚಿ ನೋಡಿ.

ಹುಳು ಮೇಯ್ದಿದ್ದರೆ ಎಲೆಯ ಭಾಗವೇ ಇಲ್ಲವಾಗಿರುತ್ತದೆ. ಎಳೆಯ ಹುಳು ಅಡಿಭಾಗದ ಹಸಿರನ್ನು ಮಾತ್ರ ಕೆರೆದು ತಿನ್ನುವುದರಿಂದ ಮೇಲಿನ ಪೊರೆ ಉಳಿದು, ಬೆಳಕಿಗೆ ಹಿಡಿದರೆ ಕಿಟಕಿಯಂತೆ ತಿಳಿಯಾಗಿ ಕಾಣುತ್ತದೆ. ಬಲಿತ ಹುಳು ಎಲೆಯನ್ನು ಪೂರ್ತಿ ತಿಂದು ನರ, ದಂಟು ಮಾತ್ರ ಬಿಡುತ್ತದೆ. ಸಣ್ಣ ಕಾಳುಗಳಂಥ ಹಿಕ್ಕೆ, ತೆಳುವಾದ ರೇಷ್ಮೆ ಎಳೆಗಳೂ ಸಿಕ್ಕರೆ ಅನುಮಾನವೇ ಬೇಡ.

ಹಿಮದಿಂದ ಸುಟ್ಟ ಎಲೆ ಕಂದಾಗಿ ಗರಿಗರಿಯಾಗಿದ್ದರೂ ಇಡಿಯಾಗಿರುತ್ತದೆ. ಮೇಲ್ಭಾಗದ, ಬಯಲಿಗೆ ತೆರೆದ ಎಲೆಗಳು ಮೊದಲು ಸುಟ್ಟಿರುತ್ತವೆ. ಕಳೆನಾಶಕದ್ದಾದರೆ ಎಲೆ ಮೊದಲು ಹಳದಿಯಾಗಿ ನಿಧಾನಕ್ಕೆ ಒಣಗುತ್ತದೆ, ಅಕ್ಕಪಕ್ಕದ ಬೇರೆ ಗಿಡಗಳಲ್ಲೂ ಅದೇ ಲಕ್ಷಣ ಇರುತ್ತದೆ. ಅಂಚು ಒಳಕ್ಕೆ ಸುರುಳಿಯಾಗಿ ದಪ್ಪಗಾಗಿದ್ದರೆ ಅದು ನುಸಿಯ ಗುರುತು.

ಗಿಡ ಯಾವುದೆಂಬುದನ್ನೂ ಖಚಿತ ಮಾಡಿಕೊಳ್ಳಿ. ಮೈಕ್ರೊಫಿಲ್ಲಮ್‌ನ ಬಂಜೆ ಕಿರುಎಲೆಗಳ ಅಂಚು ಸೀಳಿಲ್ಲದೆ ನೇರ, ಪ್ರತಿಯೊಂದಕ್ಕೂ ಪುಟ್ಟ ತೊಟ್ಟು. ಬೀಜಾಣು ಹೊತ್ತ ಕಿರುಎಲೆಯ ಅಂಚಿನಲ್ಲಿ ಮಾತ್ರ ಸಣ್ಣ ಹಲ್ಲುಗಳ ಸಾಲು. ಜಪಾನಿಕಮ್‌ನ ಕಿರುಎಲೆಗಳು ಆಳವಾಗಿ ಸೀಳಿಕೊಂಡಿರುತ್ತವೆ.

ಹುಳು ಇದೆಯೆಂದು ಗೊತ್ತಾಯಿತು. ಕ್ರಮವಾಗಿ ದಾಖಲಿಸುವುದು ಹೇಗೆ?

ದೊಡ್ಡ ಸಲಕರಣೆ ಏನೂ ಬೇಡ. ಒಂದು ಮೀಟರ್ ಉದ್ದಗಲದ ಪ್ಲಾಸ್ಟಿಕ್ ಪೈಪಿನ ಚೌಕಟ್ಟು, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಫೋನ್ ಕ್ಯಾಮೆರಾ ಸಾಕು. ಮೆಳೆಯಲ್ಲಿ ಐದು ಕಡೆ ಗುರುತಿನ ಗೂಟ ನೆಟ್ಟು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಚೌಕಟ್ಟು ಹಿಡಿಯಿರಿ. ಬರೆದುಕೊಳ್ಳಬೇಕಾದ್ದು: ಹಸಿರೆಲೆ ನೂರಕ್ಕೆ ಎಷ್ಟು ಪಾಲು, ಮೇಯ್ದದ್ದು ಎಷ್ಟು, ಹೊಸ ಚಿಗುರು ಇದೆಯೇ, ಕಂಡ ಹುಳುಗಳು ಎಷ್ಟು, ಬೀಜಾಣು ಹೊತ್ತ ಎಲೆ ಇದೆಯೇ. ಫೋಟೊವನ್ನು ಪ್ರತಿ ಸಲವೂ ಅದೇ ಗೂಟದ ಬಳಿ ನಿಂತು, ಅದೇ ದಿಕ್ಕಿಗೆ ತೆಗೆಯಿರಿ.

ಹೆಚ್ಚಿನವರು ತಪ್ಪುವುದು ಜಾಗದ ಆಯ್ಕೆಯಲ್ಲಿ. ಕಣ್ಣಿಗೆ ಹೊಡೆಯುವಂತೆ ಬೋಳಾದ ಕಡೆಯೇ ಗೂಟ ನೆಟ್ಟರೆ ಮುಂದಿನ ತಿಂಗಳ ಚಿಗುರು ನೋಡಿ ಹುಳು ಸೋತಿತು ಅನ್ನಿಸುತ್ತದೆ. ಹುಳು ಆಗಲೇ ಇಪ್ಪತ್ತು ಹೆಜ್ಜೆ ಆಚೆ ಹೋಗಿ ಮೇಯುತ್ತಿರುತ್ತದೆ. ಮೆಳೆಯ ಅಂಚು, ನಡು, ನೆರಳು, ಬಿಸಿಲು ಎಲ್ಲಕ್ಕೂ ಒಂದೊಂದು ಗೂಟ ಸಿಗಬೇಕು.

ಬೋಳಾದರೂ ಮತ್ತೆ ಚಿಗುರುತ್ತದೆ ಅಂದರೆ ಪ್ರಯೋಜನವೇನು?

ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಪತಂಗ ಹರಡಿದೆ ಎಂಬುದು ಬೇರೆ, ಕಳೆ ಹತೋಟಿಗೆ ಬಂದಿದೆ ಎಂಬುದು ಬೇರೆ. ಸುದ್ದಿಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬರೆಯುವುದರಿಂದ ಜಮೀನಿನ ಮಾಲೀಕರು ಕೈಕಟ್ಟಿ ಕೂರುತ್ತಾರೆ.

ನೆಲದೊಳಗಿನ ಕಾಂಡದಲ್ಲಿ ಆಹಾರ ಸಂಗ್ರಹ ಇರುವವರೆಗೂ ಗಿಡ ಚಿಗುರುತ್ತದೆ. ಆದರೆ ಪ್ರತಿ ಚಿಗುರಿಗೂ ಆ ಸಂಗ್ರಹದಿಂದಲೇ ಖರ್ಚು. ಮತ್ತೆ ಮತ್ತೆ ಮೇಯಿಸಿಕೊಂಡ ಗಿಡ ಮೇಲೇರುವುದು ನಿಧಾನವಾಗುತ್ತದೆ, ಬೀಜಾಣು ಎಲೆಗಳಿಗೆ ಹೂಡುವ ಶಕ್ತಿ ಕಡಿಮೆಯಾಗುತ್ತದೆ, ಅಡಿಯ ಸಸಿಗಳಿಗೆ ಅಷ್ಟು ಕಾಲವಾದರೂ ಬೆಳಕು ಸಿಗುತ್ತದೆ. ಕಳೆನಾಶಕದ ಮುಂದಿನ ಸುತ್ತಿಗೆ ಗಿಡದ ರಾಶಿಯೂ ಕಡಿಮೆ ಇರುತ್ತದೆ. ಮನುಷ್ಯರು ಕಾಲಿಡದ ದಿಬ್ಬಗಳಲ್ಲಂತೂ ಈ ಗಿಡಕ್ಕಿರುವ ಅಡ್ಡಿ ಪತಂಗ ಮತ್ತು ನುಸಿ ಮಾತ್ರ. ಅಲ್ಲಿ ಅವುಗಳಿಂದ ಆಗುವ ಪ್ರತಿ ಎಲೆಯ ನಷ್ಟವೂ ಲಾಭವೇ.

ಹಾಗಾದರೆ ಕತ್ತರಿಸುವುದು, ಕಳೆನಾಶಕ ಎರಡೂ ಮುಂದುವರಿಯಬೇಕೇ?

ಮುಂದುವರಿಯಬೇಕು. ಆದರೆ ಸಮಯ ನೋಡಿ.

ಎಲೆಗೆ ಸಿಂಪಡಿಸುವ ಕಳೆನಾಶಕ ಹಸಿರೆಲೆಯ ಮೂಲಕವೇ ಒಳಹೋಗಿ ನೆಲದೊಳಗಿನ ಕಾಂಡಕ್ಕೆ ಇಳಿಯಬೇಕು. ಹುಳು ಬೋಳಿಸಿದ ಮರುವಾರ ಸಿಂಪಡಿಸಿದರೆ ದ್ರಾವಣ ಒಣ ದಂಟಿನ ಮೇಲೆ ಬಿದ್ದು ವ್ಯರ್ಥ, ಕಾಂಡಕ್ಕೆ ಏನೂ ತಲುಪುವುದಿಲ್ಲ. ಹೊಸ ಎಲೆಗಳು ಬಿಚ್ಚಿ ಬಲಿಯುವವರೆಗೆ ಕಾಯಿರಿ.

ಮರ ಹತ್ತಿದ ಬಳ್ಳಿಗೆ ರೂಢಿಯಲ್ಲಿರುವ ವಿಧಾನ ಹೀಗೆ. ಮರದ ಸುತ್ತಲೂ ಸೊಂಟದಿಂದ ಎದೆಮಟ್ಟದ ನಡುವೆ ಎಲ್ಲ ದಂಟುಗಳನ್ನೂ ಕತ್ತರಿಸಿ. ಒಂದೇ ಒಂದು ದಂಟು ಉಳಿದರೂ ಮೇಲಿನ ಭಾಗ ಬದುಕುತ್ತದೆ, ಹಾಗಾಗಿ ಮರವನ್ನು ಒಂದು ಸುತ್ತು ಬಂದು ಕೈಯಿಂದ ತಡವಿ ನೋಡಿ. ಕತ್ತರಿಸುವಾಗ ಮರದ ತೊಗಟೆಗೆ ಗಾಯ ಬೇಡ. ಕತ್ತರಿಸಿದ ಮೇಲ್ಭಾಗ ಮರದಲ್ಲೇ ಒಣಗಲಿ. ಎಳೆದು ಕೆಡವಿದರೆ ಕೊಂಬೆ ಮುರಿಯುತ್ತದೆ, ಬೀಜಾಣು ನಿಮ್ಮ ಮೈಮೇಲೇ ಸುರಿಯುತ್ತದೆ. ಕೆಳಗೆ ಬೇರಿಗೆ ಅಂಟಿ ಉಳಿದ ಹಸಿರು ಭಾಗಕ್ಕೆ ಮಾತ್ರ, ನೀರಿನ ಪಕ್ಕದಲ್ಲಿ ಬಳಸಲು ಒಪ್ಪಿಗೆ ಪಡೆದ ಗ್ಲೈಫೊಸೇಟ್ ಸಿಂಪಡಿಸಿ. ಮೆಟ್‌ಸಲ್ಫ್ಯುರಾನ್ ಮಿಥೈಲ್ ಕೂಡ ಬಳಕೆಯಲ್ಲಿದೆ. ಪ್ರಮಾಣ ಡಬ್ಬಿಯ ಲೇಬಲ್ಲಿನಲ್ಲಿ ಇದ್ದಷ್ಟೇ. ಎಲೆ ಒದ್ದೆಯಾದರೆ ಸಾಕು, ತೊಟ್ಟಿಕ್ಕುವಷ್ಟು ಸುರಿದರೆ ಅಡಿಯ ಸ್ಥಳೀಯ ಗಿಡಗಳು ಸಾಯುತ್ತವೆ.

ಆರು ತಿಂಗಳಿಗೊಮ್ಮೆ ಮತ್ತೆ ಬಂದು ನೋಡುವ ಏರ್ಪಾಡಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಒಮ್ಮೆ ಸಿಂಪಡಿಸಿ ಬಿಟ್ಟ ಜಾಗದಲ್ಲಿ ಕಾಂಡದ ಚಿಗುರೂ ಹೊಸ ಬೀಜಾಣುಗಳ ಸಸಿಗಳೂ ಸೇರಿ ಮೊದಲಿನಂತೆಯೇ ಆಗುತ್ತದೆ.

ಹುಳು ಇರುವ ಬಳ್ಳಿ ಕಿತ್ತು ತಂದು ನಮ್ಮ ಜಾಗದಲ್ಲಿ ಬಿಡಬಹುದೇ?

ಬೇಡ. ಬಳ್ಳಿಯ ಜೊತೆ ಬೀಜಾಣುಗಳೂ ಬರುತ್ತವೆ, ಪರಾವಲಂಬಿ ಕಣಜ ಹೊಕ್ಕ ಹುಳುಗಳೂ ಬರುತ್ತವೆ. ಅಮೆರಿಕದಲ್ಲಿ ಇಂಥ ಜೀವಿಗಳನ್ನು ರಾಜ್ಯದ ಗಡಿ ದಾಟಿಸಲು ಫೆಡರಲ್ ಕೃಷಿ ಇಲಾಖೆಯ ಪರವಾನಗಿ ಬೇಕು. ಕೌಂಟಿಯ ಕೃಷಿ ವಿಸ್ತರಣಾ ಕಚೇರಿಗೆ ಫೋಟೊ ಮತ್ತು ಜಾಗದ ವಿವರ ಕಳಿಸುವುದು ಸರಿಯಾದ ದಾರಿ.

ಪರಾವಲಂಬಿ ಕಣಜವೇ? ಫ್ಲಾರಿಡಾದಲ್ಲಿ ಇದಕ್ಕೆ ಶತ್ರುಗಳಿವೆಯೇ?

ಇವೆ. ಸ್ಟಾಂಟೋನಿಯಾ ಪ್ಯಾಲಿಡಾ ಎಂಬ, ಮೊದಲಿನಿಂದಲೂ ಅಲ್ಲಿದ್ದ ಕಣಜ ಈ ಹೊಸ ಹುಳುವಿನಲ್ಲೂ ಮರಿ ಮಾಡುವುದನ್ನು ಕಲಿತಿದೆ. ಇರುವೆ, ಜೇಡಗಳಂತೂ ಇದ್ದೇ ಇವೆ. ಹೊಸ ನಾಡಿಗೆ ಹೋದ ಹುಳು ಅಲ್ಲಿನ ಬೇಟೆಗಾರರ ಕಣ್ಣಿಗೆ ಬೀಳಲು ಹೆಚ್ಚು ಕಾಲ ಬೇಕಿಲ್ಲ. ಮೊದಲ ವರ್ಷಗಳ ಸ್ಫೋಟದಂಥ ಏರಿಕೆ ಪ್ರತಿ ವರ್ಷವೂ ಪ್ರತಿ ಜಾಗದಲ್ಲೂ ಕಾಣದಿರಲು ಇದೂ ಒಂದು ಕಾರಣ.

ಕುಂಡದ ಬೋಸ್ಟನ್ ಜರಿಗಿಡವನ್ನು ಯಾವುದೋ ಹುಳು ತಿನ್ನುತ್ತಿದೆ. ಇದೇನಾ?

ಅಲ್ಲ. ಅದು ಬಹುತೇಕ ಕ್ಯಾಲೋಪಿಸ್ಟ್ರಿಯಾ ಫ್ಲಾರಿಡೆನ್ಸಿಸ್, ಅಮೆರಿಕ ಖಂಡದ ಉಷ್ಣ ಪ್ರದೇಶದ್ದೇ. ಕುಂಡದ ಗಿಡಗಳ ಜೊತೆ ಲಾರಿ ಏರಿ ಉತ್ತರದ ಗಾಜುಮನೆಗಳಿಗೂ ಹೋಗುತ್ತದೆ. ಹುಳು ಹಸಿರು ಇಲ್ಲವೇ ಕಪ್ಪು ಬಣ್ಣದ್ದು. ರಾತ್ರಿ ಹೊಸ ಚಿಗುರು ಮೇಯ್ದು ಹಗಲು ಕುಂಡದ ಬುಡದಲ್ಲಿ ಅಡಗುತ್ತದೆ. ಹಾಗಾಗಿ ರಾತ್ರಿ ಟಾರ್ಚ್ ಹಿಡಿದು ಹುಡುಕಿ, ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಕುಂಡಗಳು ಹೆಚ್ಚಿದ್ದರೆ ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಎಂಬ, ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿಯನ್ನು ಸಂಜೆ ಸಿಂಪಡಿಸಬಹುದು. ಅದು ಎಳೆಯ ಹುಳುಗಳಿಗೆ ಮಾತ್ರ ಚೆನ್ನಾಗಿ ತಾಗುತ್ತದೆ, ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಬಿಟಿ ಸಿಂಪಡಣೆ ಹಿತ್ತಲಾಚೆಯ ಬಳ್ಳಿ ಜರಿಗಿಡಕ್ಕೆ ತಾಗದಂತೆ ನೋಡಿಕೊಳ್ಳಿ, ಅಲ್ಲಿರುವ ಉಪಕಾರಿ ಹುಳುವೂ ಸಾಯುತ್ತದೆ.

ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡದ್ದೂ ಇದೇ ಪತಂಗವೇ?

ಅದು ಮ್ಯುಸೋಟಿಮಾ ನಿಟಿಡಾಲಿಸ್, ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಕಡೆಯದು. 2009ರಲ್ಲಿ ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಮೊದಲು ಸಿಕ್ಕಿತು. ಅದನ್ನು ಯಾರೂ ಬೇಕೆಂದು ಬಿಟ್ಟದ್ದಲ್ಲ. ತೋಟಗಳಿಗೆ ತರಿಸಿಕೊಂಡ ಜರಿಗಿಡಗಳ ಜೊತೆ ಬಂದಿರಬೇಕೆಂಬ ಊಹೆ ಬಲವಾಗಿದೆ. ಪರೀಕ್ಷೆ ಮಾಡಿ ಬಿಟ್ಟ ಪತಂಗಕ್ಕೂ ನರ್ಸರಿ ಕುಂಡದಲ್ಲಿ ಕದ್ದು ಬಂದ ಪತಂಗಕ್ಕೂ ಇದೇ ದೊಡ್ಡ ವ್ಯತ್ಯಾಸ: ಎರಡನೆಯದು ಏನೇನು ತಿನ್ನುತ್ತದೆಂಬುದು ಬಂದ ಮೇಲಷ್ಟೇ ತಿಳಿಯಬೇಕು.

ಕರ್ನಾಟಕದಲ್ಲೂ ಬಳ್ಳಿ ಜರಿಗಿಡ ಇದೆ. ಕೀಳಬೇಕೇ?

ಖಂಡಿತ ಬೇಡ. ಪಶ್ಚಿಮ ಘಟ್ಟದ ಅಂಚುಗಳಲ್ಲಿ ಕಾಣುವ ಲೈಗೋಡಿಯಮ್ ಫ್ಲೆಕ್ಸುಓಸಮ್ ನಮ್ಮದೇ ನೆಲದ ಗಿಡ. ದಕ್ಷಿಣ ಭಾರತದ ಜೌಗು ಜಾಗಗಳ ಮೈಕ್ರೊಫಿಲ್ಲಮ್ ಕೂಡ ಹೊರಗಿನದಲ್ಲ. ಹುಳು, ನುಸಿ, ರೋಗಗಳೆಲ್ಲ ಮೊದಲಿನಿಂದ ಜೊತೆಗಿರುವುದರಿಂದ ಅದು ಇಲ್ಲಿ ಮರಗಳನ್ನು ನುಂಗುವ ಕಳೆಯಾಗಿಲ್ಲ. ಎಲೆಯಲ್ಲಿ ತೂತು ಕಂಡರೆ ಅದು ಸಹಜವಾದದ್ದು, ಔಷಧಿ ಹೊಡೆಯಬೇಡಿ.

ನಮ್ಮಲ್ಲಿ ಹೊರಗಿನ ಜರಿಗಿಡಕ್ಕೆ ಹೊರಗಿನ ಕೀಟ ಬಿಟ್ಟ ಉದಾಹರಣೆ ಇದೆಯೇ?

ಬೆಂಗಳೂರಿನಲ್ಲೇ ಇದೆ. ಸಾಲ್ವೀನಿಯಾ ಮೊಲೆಸ್ಟಾ ಬ್ರೆಜಿಲ್ ಮೂಲದ ತೇಲುವ ಜರಿಗಿಡ, ಕೇರಳದ ಹಿನ್ನೀರುಗಳನ್ನು ಮುಚ್ಚಿಹಾಕಿತ್ತು. ಸಿರ್ಟೋಬೇಗಸ್ ಸಾಲ್ವೀನಿಯೇ ಎಂಬ ಸೊಂಡಿಲು ಕೀಟವನ್ನು ಆಸ್ಟ್ರೇಲಿಯಾದಿಂದ ತರಿಸಿ 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಒಂದು ತಾವರೆಗೊಳದಲ್ಲಿ ಬಿಟ್ಟರು. ಒಂದು ವರ್ಷದೊಳಗೆ ಕೊಳ ತಿಳಿಯಾಯಿತು. ಕೇರಳದಲ್ಲೂ ಅದೇ ಕೀಟ ಗೆದ್ದಿತು. ಇದೇ ಕಳೆಗೆ ಸೇಮಿಯಾ ಮಲ್ಟಿಪ್ಲಿಕಾಲಿಸ್ ಎಂಬ ಪತಂಗವನ್ನು ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಬಿಟ್ಟಿದ್ದರು. ಅದು ದೂರ ದೂರ ಹರಡಿತು, ಕಳೆಯನ್ನು ಮಾತ್ರ ಹಿಡಿತಕ್ಕೆ ತರಲಿಲ್ಲ. ಗೆದ್ದದ್ದು ಅಲ್ಲೂ ಸೊಂಡಿಲು ಕೀಟವೇ, ಏಕೆಂದರೆ ಅದರ ಮರಿಹುಳು ಕಾಂಡದೊಳಗೇ ಸುರಂಗ ಕೊರೆಯುತ್ತದೆ, ಪ್ರೌಢ ಕೀಟ ಮೊಗ್ಗನ್ನೇ ತಿನ್ನುತ್ತದೆ.

ಭಾರತಕ್ಕೆ ಇಂಥ ಕೀಟ ತರಿಸಲು ಕೇಂದ್ರ ಸರ್ಕಾರದ 2003ರ ಸಸ್ಯ ಕ್ವಾರಂಟೈನ್ ಆದೇಶದಡಿ ಅನುಮತಿ ಬೇಕು. ಈ ವಿಷಯದ ಮುಖ್ಯ ಸಂಸ್ಥೆಯಾದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಬೆಂಗಳೂರಿನಲ್ಲೇ ಇದೆ.

ಜರಿಗಿಡದ ಮೆಳೆಯಲ್ಲಿ ಓಡಾಡಿ ಬಂದ ಮೇಲೆ ಏನು ಮಾಡಬೇಕು?

ಒಂದೇ ದಿನ ಹಲವು ಕಡೆ ಹೋಗುವುದಿದ್ದರೆ ಮೊದಲು ಕಳೆಯಿಲ್ಲದ ಜಾಗ, ಕೊನೆಗೆ ದಟ್ಟ ಮೆಳೆ. ಹೊರಬರುವ ಮೊದಲು ಅಲ್ಲೇ ನಿಂತು ಬಟ್ಟೆ, ಟೊಪ್ಪಿ, ಚೀಲಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ, ಬೂಟಿನ ಅಡಿಯ ಕೆಸರು ಕೆರೆಯಿರಿ. ಬಟ್ಟೆಗೆ ಅಗಲವಾದ ಅಂಟುಟೇಪು ಒತ್ತಿ ತೆಗೆದರೆ ಕಣ್ಣಿಗೆ ಕಾಣದ ಬೀಜಾಣುಗಳೂ ಬರುತ್ತವೆ. ಆ ಟೇಪನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಸಕ್ಕೆ ಕೊಡಿ. ಕಾರಿನ ಕಾಲುಚಾಪೆ, ಕತ್ತರಿ, ಮಚ್ಚುಗಳನ್ನು ಅಲ್ಲೇ ಒರೆಸಿಕೊಳ್ಳಿ. ತೊಟ್ಟ ಬಟ್ಟೆಯನ್ನು ಮನೆಯಲ್ಲಿ ಉಳಿದವುಗಳ ಜೊತೆ ಸೇರಿಸದೆ ಬೇರೆಯಾಗಿ ಒಗೆಯಿರಿ.